ಹಾವು ಕಡಿತದ ಕೇಸ್‌ಶೀಟಿಗಾಗಿ ಹತ್ತೊಂಬತ್ತು ತಿಂಗಳು

ಮೊನ್ನೆ ಬುಧವಾರ ಕೊನೆಯ ಕಾಗದಕ್ಕೆ ಸಹಿ ಹಾಕಿ ಬಂದೆ. ‘ಆಸ್ಪತ್ರೆಯ ರೋಗಿಗಳ ಯಾವ ಮಾಹಿತಿಯೂ, ಅದರ ಯಾವ ನಕಲೂ ನನ್ನ ಬಳಿ ಉಳಿದಿಲ್ಲ’ ಅನ್ನುವ ಮುಚ್ಚಳಿಕೆ ಅದು. 2024ರ ಜೂನ್‌ನಲ್ಲಿ ಶುರುವಾದ ಓಡಾಟ 2026ರ ಜನವರಿಗೆ ಮುಗಿಯಿತು. 19 ತಿಂಗಳು, 23 ಸಲ ಬಸ್ಸು. ಇದೇ ದಾರಿ ಹಿಡಿಯುವವರಿಗೆ ಎರಡು ತಿಂಗಳಾದರೂ ಉಳಿಯಲಿ ಅಂತ, ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ.

ನಾನು ಸಂಖ್ಯಾಶಾಸ್ತ್ರದ ಅತಿಥಿ ಉಪನ್ಯಾಸಕಿ. ಪಿಎಚ್‌ಡಿ ಮಾಡುತ್ತಿದ್ದೇನೆ. ಡಾಕ್ಟರಲ್ಲ, ಆಸ್ಪತ್ರೆಯವಳೂ ಅಲ್ಲ. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿದಾಗ ನನ್ನ ವಿಷಯವೂ ಗಟ್ಟಿಯಾಯಿತು. ಹಾವು ಕಚ್ಚಿದ ಹೊತ್ತಿಗೂ ಆಸ್ಪತ್ರೆ ತಲುಪಿದ ಹೊತ್ತಿಗೂ ನಡುವಿನ ಅಂತರ ಎಷ್ಟು, ಅದು ಬೆಳೆದಂತೆ ಪ್ರತಿವಿಷದ ವಯಲ್ (ಸಣ್ಣ ಸೀಸೆ) ಎಷ್ಟು ಬೇಕಾಗುತ್ತದೆ, ಕೊನೆಗೆ ರೋಗಿಗೆ ಏನಾಯಿತು, ಇಷ್ಟು ನನಗೆ ಬೇಕಿತ್ತು. ಐದು ವರ್ಷದ ಕೇಸ್‌ಶೀಟು ಸಿಕ್ಕರೆ ಸಾಕು. ಹಾವು ಕಡಿತದಲ್ಲಿ ಗುಟ್ಟೇನಿರುತ್ತೆ, ಕೇಳಿದರೆ ಕೊಡ್ತಾರೆ ಅಂದುಕೊಂಡು ಹೊರಟೆ. ಯಾವ ಆಸ್ಪತ್ರೆ ಅಂತ ಇಲ್ಲಿ ಹೇಳುವುದಿಲ್ಲ. ಒಂದು ಜಿಲ್ಲಾ ಕೇಂದ್ರದ ಬೋಧನಾ ಆಸ್ಪತ್ರೆ ಅಂದುಕೊಳ್ಳಿ.

ಮೆಡಿಸಿನ್ ವಿಭಾಗದ ಪ್ರೊಫೆಸರು ಮೊದಲ ದಿನವೇ ಖುಷಿಯಿಂದ ಮಾತಾಡಿಸಿದರು. ‘ಒಳ್ಳೇ ವಿಷಯ ಕಣಮ್ಮ. ಆದ್ರೆ ನಾನು ಹೂಂ ಅಂದ್ರೆ ಆಗಲ್ಲ, ಕಮಿಟಿ ಹೂಂ ಅನ್ನಬೇಕು. ಅಷ್ಟರೊಳಗೆ ರೆಕಾರ್ಡು ಹೇಗಿರುತ್ತೆ ಅಂತ ಒಂದ್ಸಲ ನೋಡಿಕೊಂಡು ಹೋಗು’ ಅಂತ ಕೆಳಗಿನ ರೆಕಾರ್ಡ್ ರೂಮಿಗೆ ಕಳಿಸಿದರು. (ಕಮಿಟಿ ಅಂದರೆ ನೈತಿಕತಾ ಸಮಿತಿ, ರೋಗಿಗಳಿಗೆ ಸಂಬಂಧಿಸಿದ ಸಂಶೋಧನೆಗೆ ಒಪ್ಪಿಗೆ ಕೊಡುವುದು ಅದೇ.)

ಅಲ್ಲಿನ ಹಿರಿಯ ಗುಮಾಸ್ತರು ಕ್ಯಾಜುವಾಲ್ಟಿಯ ಎಂಎಲ್‌ಸಿ (ಕಾನೂನಿಗೆ ಸಂಬಂಧಿಸಿದ ಕೇಸುಗಳ) ರಿಜಿಸ್ಟರು ತೆಗೆದು ಮೇಜಿನ ಮೇಲಿಟ್ಟರು. ಕೆಂಪು ರಟ್ಟು, ಅಂಚು ಸವೆದು ಹತ್ತಿಯಂತಾದ ಹಾಳೆ. ಹಾವು ಕಡಿತದ ಕೇಸುಗಳು ಪೊಲೀಸರಿಗೆ ತಿಳಿಸಬೇಕಾದವುಗಳ ಜೊತೆಗೇ ಅದರಲ್ಲಿ ಬರೆದಿರುತ್ತವೆ. ಕಾಲಮ್ಮುಗಳ ಹೆಸರು ನೆನಪಿಗಿರಲಿ ಅಂತ ಫೋನು ತೆಗೆದೆ. ಅವರು ಮಾತಾಡಲಿಲ್ಲ, ಅಂಗೈಯನ್ನು ಹಾಳೆಯ ಮೇಲೆ ಹರಡಿಟ್ಟರು. ಆಮೇಲೆ ಒಂದು ಬೆರಳು ಮಾತ್ರ ಸರಿಸಿ ‘ಹಾವಿನ ಸಾಲು ಇದು ಮೇಡಂ. ಮೇಲಿನ ಸಾಲು ಓದಿ’ ಅಂದರು. ವಿಷ ಕುಡಿದು ಬಂದವರೊಬ್ಬರ ಸಾಲು ಅದು. ಹೆಸರು, ವಯಸ್ಸು, ತಂದೆಯ ಹೆಸರು, ಊರು, ಕರೆತಂದವರ ಫೋನ್ ನಂಬರು. ಊರು ನಮ್ಮ ಪಕ್ಕದ್ದು. ಮನೆ ಯಾವುದೆಂದು ನನಗೆ ಗೊತ್ತಿತ್ತು. (ಗುರುತು ಸಿಗುವ ವಿವರಗಳನ್ನೆಲ್ಲ ಇಲ್ಲಿ ಬದಲಿಸಿದ್ದೇನೆ.) ಫೋನು ಬ್ಯಾಗಿಗೆ ಹಾಕಿಕೊಂಡೆ. ವಾಪಸ್ ಬರುವಾಗ ಬಸ್ಸಿನಲ್ಲಿ ಇಡೀ ದಾರಿ ಅದೇ ಸಾಲು.

ಕೆಲಸದ ಮಾತಿಗೆ ಬರುತ್ತೇನೆ. ನೀವು ಹೊರಗಿನವರಾದರೆ ಮೊದಲು ಹುಡುಕಬೇಕಾದ್ದು ಒಳಗಿನ ಒಬ್ಬ ಸಹ ಸಂಶೋಧಕರನ್ನು. ಅವರಿಲ್ಲದೆ ಅರ್ಜಿ ಕಿಟಕಿಯನ್ನೂ ದಾಟುವುದಿಲ್ಲ. ಆಮೇಲೆ ವಿಭಾಗದ ಮುಖ್ಯಸ್ಥರ ಪತ್ರ, ವಿಶ್ವವಿದ್ಯಾಲಯದ ಪಿಎಚ್‌ಡಿ ನೋಂದಣಿ ಪತ್ರ, ಗೈಡ್ ಸಹಿ ಮಾಡಿದ ಸಂಶೋಧನಾ ಪ್ರಸ್ತಾವ, ಎಲ್ಲ ಸಂಶೋಧಕರ ಬಯೋಡೇಟಾ, ಸಂಶೋಧನಾ ನೈತಿಕತೆಯ ತರಬೇತಿ ಪಡೆದ ಪ್ರಮಾಣಪತ್ರ (ಆನ್‌ಲೈನಿನಲ್ಲಿ ಮಾಡಿದೆ, ಎರಡು ಭಾನುವಾರ ಹಿಡಿಯಿತು), ಯಾವ ಯಾವ ಕಾಲಮ್ ಬೇಕು ಅನ್ನುವ ಪಟ್ಟಿ, ಒಪ್ಪಿಗೆಯಿಂದ ವಿನಾಯಿತಿ ಕೋರುವ ಪತ್ರ. ನನ್ನಂತೆ ಹಳೆಯ ಕೇಸ್‌ಶೀಟು ನೋಡುವವರು ಸಾವಿರಾರು ರೋಗಿಗಳನ್ನು ಹುಡುಕಿ ಒಪ್ಪಿಗೆ ತರಲಾಗುವುದಿಲ್ಲವಲ್ಲ, ಅದಕ್ಕೇ ಈ ಪತ್ರ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಲ್ಲಿ ಇದಕ್ಕೆ ಅವಕಾಶವಿದೆ. ಆದರೆ ಕೊಡುವುದೂ ಬಿಡುವುದೂ ಕಮಿಟಿಗೆ ಸೇರಿದ್ದು. ‘ಗುರುತಿಲ್ಲದ ದತ್ತಾಂಶ’ ಅಂತ ಬರೆದುಬಿಟ್ಟರೆ ಸಾಲದು. ಗುರುತನ್ನು ಯಾರು ತೆಗೆಯುತ್ತಾರೆ, ಎಲ್ಲಿ ಕೂತು ತೆಗೆಯುತ್ತಾರೆ, ತೆಗೆದದ್ದನ್ನು ಎಲ್ಲಿಡುತ್ತಾರೆ, ಎಲ್ಲ ಬರೆಯಬೇಕು. ನಾನು ಬರೆದಿರಲಿಲ್ಲ. ಅದಕ್ಕೆ ಎರಡು ತಿಂಗಳು ತೆತ್ತೆ.

46 ಪುಟ, 14 ಸೆಟ್. ಆಸ್ಪತ್ರೆ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ಮಾಡಿಸಿದೆ. ಗುರುತಿನ ಚೀಟಿಗೆಂದು ನನ್ನ ಆಧಾರ್ ವಾಟ್ಸಾಪಿನಲ್ಲಿ ಕಳಿಸಿ ಅಂದ ಅಂಗಡಿ ಹುಡುಗ. ಕಳಿಸಿದೆ. ಪರದೆಯ ಮೇಲೆ ಡೌನ್‌ಲೋಡ್ ಫೋಲ್ಡರ್ ತೆರೆದುಕೊಂಡಿತು. ನನ್ನದರ ಕೆಳಗೆ ಸಾಲಾಗಿ ಊರಿನವರ ಆಧಾರ್, ರೇಷನ್ ಕಾರ್ಡು, ಸ್ಕ್ಯಾನಿಂಗ್ ರಿಪೋರ್ಟು. ಜನರ ಮಾಹಿತಿ ಕಾಪಾಡುತ್ತೇನೆ ಅನ್ನುವ ಅರ್ಜಿಯನ್ನು ನಾನು ಅಚ್ಚು ಹಾಕಿಸಿದ್ದು ಇಂಥ ಕಂಪ್ಯೂಟರಿನಲ್ಲಿ. ‘ಅಳಿಸಿಬಿಡಪ್ಪ’ ಅಂದೆ, ನನ್ನದೊಂದನ್ನು ಅಳಿಸಿದ. ಅಂದಿನಿಂದ ಮೊದಲ ಎಂಟು ಅಂಕಿ ಮರೆಮಾಡಿದ ಆಧಾರ್ ಪ್ರತಿ ಇಟ್ಟುಕೊಂಡಿದ್ದೇನೆ. ಆಧಾರ್ ಜಾಲತಾಣದಲ್ಲೇ ಸಿಗುತ್ತದೆ, ದುಡ್ಡಿಲ್ಲ.

ಸೆಪ್ಟೆಂಬರಿನಲ್ಲಿ ಅರ್ಜಿ ಕೊಟ್ಟೆ. ಕಮಿಟಿ ಸೇರುವುದು ಎರಡು ತಿಂಗಳಿಗೊಮ್ಮೆ. ನವೆಂಬರಿನಲ್ಲಿ ಕೋರಂ ಇಲ್ಲದೆ ಸಭೆ ಮುಂದೆ ಹೋಯಿತು. ಕನಿಷ್ಠ ಐದು ಜನ ಇರಬೇಕು, ಅವರಲ್ಲಿ ವೈದ್ಯರಲ್ಲದವರೂ ಇರಬೇಕು. ಅಂದು ವೈದ್ಯರೇನೋ ಇದ್ದರು, ವಕೀಲರೂ ಸಾರ್ವಜನಿಕರ ಪ್ರತಿನಿಧಿಯೂ ಬಂದಿರಲಿಲ್ಲ. ಕಾರಿಡಾರಿನ ಬೆಂಚಿನಲ್ಲಿ ಬೆಳಿಗ್ಗೆ ಹತ್ತರಿಂದ ಒಂದೂವರೆವರೆಗೆ ಕೂತಿದ್ದವಳಿಗೆ ಜವಾನ ಬಂದು ‘ಇವತ್ತು ಆಗಲ್ವಂತೆ ಮೇಡಂ’ ಅಂದ. ಅತಿಥಿ ಉಪನ್ಯಾಸಕರಿಗೆ ಇಂಥ ರಜೆಗೆ ಸಂಬಳವಿಲ್ಲ. ಆವತ್ತು ನಿಜವಾಗಿ ಸಿಟ್ಟು ಬಂದಿತ್ತು.

ಜನವರಿಯ ಸಭೆಯಲ್ಲಿ ನನ್ನನ್ನು ಒಳಗೆ ಕರೆದದ್ದು ಹದಿನೈದು ನಿಮಿಷ. ಮೂರು ಪ್ರಶ್ನೆ ನೆನಪಿದೆ.

ವಕೀಲರು ಕೇಳಿದ್ದು ಕಾಯ್ದೆಯ ಬಗ್ಗೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರ ಆಗಸ್ಟಿನಲ್ಲೇ ಬಂದಿತ್ತು, ನಿಯಮ ಮಾತ್ರ ಆಗಿನ್ನೂ ಬಂದಿರಲಿಲ್ಲ. ಸಂಶೋಧನೆಗೂ ಅಂಕಿಅಂಶದ ಕೆಲಸಕ್ಕೂ ಅದರ 17ನೇ ಸೆಕ್ಷನ್ನಿನಲ್ಲಿ ವಿನಾಯಿತಿ ಇದೆ. ಆದರೆ ಆ ಮಾಹಿತಿ ಬಳಸಿ ಯಾವೊಬ್ಬ ವ್ಯಕ್ತಿಯ ಬಗ್ಗೆಯೂ ತೀರ್ಮಾನ ಮಾಡುವಂತಿಲ್ಲ, ಸರ್ಕಾರ ಹೇಳುವ ಮಾನದಂಡವನ್ನೂ ಪಾಲಿಸಬೇಕು. ‘ಮಾನದಂಡ ಇನ್ನೂ ಬಂದಿಲ್ಲ ಸಾರ್’ ಅಂದೆ. ‘ಬರೋವರೆಗೆ ಇನ್ನೂ ಬಿಗಿಯಾಗಿರಬೇಕು ಅಂತ ಅರ್ಥ’ ಅಂದರು. ನಿಯಮ ಹೊರಬಿದ್ದದ್ದು 2025ರ ನವೆಂಬರಿನಲ್ಲಿ. ಅದರ ಮುಖ್ಯ ಹೊಣೆಗಳು ಜಾರಿಯಾಗುವುದು ಅಲ್ಲಿಂದ 18 ತಿಂಗಳಿಗೆ. ಇನ್ನು ಮುಂದೆ ಅರ್ಜಿ ಹಾಕುವವರು ಆ ನಿಯಮದಲ್ಲಿ ಸಂಶೋಧನೆಗೆಂದೇ ಇರುವ ಅನುಸೂಚಿಯನ್ನು ಓದಿಕೊಂಡೇ ಹೋಗಿ.

ಎರಡನೆಯದರಲ್ಲಿ ಮಾನ ಹೋಯಿತು. ಒಬ್ಬನೇ ರೋಗಿ ಎರಡು ಸಲ ದಾಖಲಾದರೆ ಗೊತ್ತಾಗಲಿ ಅಂತ, ಫೋನ್ ನಂಬರನ್ನು ಎಂಡಿ5 ಎಂಬ ಸೂತ್ರದಿಂದ ಗುರುತು ಸಿಗದ ಅಕ್ಷರಮಾಲೆಯಾಗಿ ಬದಲಿಸಿ ಕೊಡಿ ಅಂತ ಬರೆದಿದ್ದೆ. ಜಾಣತನ ಮಾಡಿದೆ ಅಂದುಕೊಂಡಿದ್ದೆ. ಕಮಿಟಿಯಲ್ಲಿದ್ದ ಸಂಖ್ಯಾಶಾಸ್ತ್ರದ ಮೇಷ್ಟರು ಕನ್ನಡಕ ತೆಗೆದು ‘ನಮ್ಮ ದೇಶದಲ್ಲಿ ಮೊಬೈಲ್ ನಂಬರು ಎಷ್ಟಿರಬಹುದು?’ ಅಂದರು. ಹತ್ತು ಅಂಕಿ, ಶುರುವಾಗುವುದು 6, 7, 8 ಇಲ್ಲ 9ರಿಂದ. ಹೆಚ್ಚೆಂದರೆ 400 ಕೋಟಿ. ಅಷ್ಟನ್ನೂ ಒಂದೊಂದಾಗಿ ಆ ಸೂತ್ರಕ್ಕೆ ಹಾಕಿ ಯಾವುದು ಹೊಂದುತ್ತದೆ ನೋಡಲು ಸಾಧಾರಣ ಕಂಪ್ಯೂಟರಿಗೂ ಬಹಳ ಹೊತ್ತು ಬೇಡ. 2014ರಲ್ಲಿ ನ್ಯೂಯಾರ್ಕಿನ ಟ್ಯಾಕ್ಸಿ ಓಡಾಟದ ದತ್ತಾಂಶದಲ್ಲಿ ಹೀಗೇ ಆಯಿತು. ಟ್ಯಾಕ್ಸಿ ನಂಬರುಗಳನ್ನು ಇದೇ ಸೂತ್ರದಿಂದ ಮರೆಸಿ ಕೊಟ್ಟಿದ್ದರು, ಹೊರಗಿನವರೊಬ್ಬರು ಸುಲಭವಾಗಿ ಬಿಡಿಸಿಟ್ಟರು. ಕೊನೆಗೆ ಕಮಿಟಿ ಹೇಳಿದ್ದು ಅತಿ ಸರಳ ದಾರಿ. ರೆಕಾರ್ಡ್ ರೂಮಿನವರೇ ರೋಗಿಗೊಂದು ಕ್ರಮವಿಲ್ಲದ ಸಂಖ್ಯೆ ಕೊಡುವುದು, ಯಾರಿಗೆ ಯಾವುದು ಅನ್ನುವ ಪಟ್ಟಿ ಅವರ ಬೀರುವಿನಿಂದ ಹೊರಗೆ ಬಾರದಿರುವುದು.

ಮೂರನೆಯದು ಸಾರ್ವಜನಿಕರ ಪ್ರತಿನಿಧಿಯದು. ನಿವೃತ್ತ ಹೆಡ್‌ಮಾಸ್ಟರು. ‘ನೀವು ವಿಚಾರ ತಿಳ್ಕೊಂಡ್ರಿ ಅನ್ನೋದು ಆ ರೋಗಿಗೆ ತಿಳಿಯುತ್ತೇನಮ್ಮ?’ ಅಂತ ಕೇಳಿದರು. ಇಲ್ಲ ಸಾರ್ ಅಂದೆ. ಅವರು ಏನೋ ಬರೆದುಕೊಂಡರು, ಮುಂದೆ ಕೇಳಲಿಲ್ಲ.

ಆ ರಾತ್ರಿ ಲಾಡ್ಜಿನಲ್ಲಿ ಕೂತು ಓದಿದ್ದು ಲತಾನ್ಯಾ ಸ್ವೀನಿ ಅವರ ಕಥೆ. ಅಮೆರಿಕದ ಮೆಸಾಚುಸೆಟ್ಸ್ ರಾಜ್ಯ ತನ್ನ ನೌಕರರ ಆಸ್ಪತ್ರೆ ದಾಖಲೆಗಳನ್ನು ಹೆಸರು ತೆಗೆದು ಸಂಶೋಧನೆಗೆ ಕೊಟ್ಟಿತ್ತು. 1997ರ ಹೊತ್ತಿಗೆ, ಇನ್ನೂ ವಿದ್ಯಾರ್ಥಿನಿಯಾಗಿದ್ದ ಆಕೆ 20 ಡಾಲರ್ ಕೊಟ್ಟು ಕೇಂಬ್ರಿಜ್ ಪಟ್ಟಣದ ಮತದಾರರ ಪಟ್ಟಿ ಕೊಂಡು, ಹುಟ್ಟಿದ ದಿನ, ಲಿಂಗ, ಪಿನ್‌ಕೋಡ್ ಮೂರನ್ನೇ ತಾಳೆ ಹಾಕಿ ಗವರ್ನರ್ ವಿಲಿಯಂ ವೆಲ್ಡ್ ಅವರ ದಾಖಲೆ ಯಾವುದೆಂದು ಹೇಳಿಬಿಟ್ಟರು. ನನ್ನ ಕಾಲಮ್ ಪಟ್ಟಿ ತೆಗೆದು ನೋಡಿದೆ. ಊರು, ವಯಸ್ಸು, ಹೆಣ್ಣೋ ಗಂಡೋ, ದಾಖಲಾದ ದಿನ, ಎಲ್ಲ ಕೇಳಿದ್ದೆ. ನಮ್ಮ ಕಡೆ ಇಷ್ಟಕ್ಕೆ ಮತದಾರರ ಪಟ್ಟಿಯೂ ಬೇಡ, ಅರಳಿಕಟ್ಟೆ ಸಾಕು. ‘ಹೋದ ವರ್ಷ ಶ್ರಾವಣದಲ್ಲಿ ಹಾವು ಕಚ್ಚಿತ್ತಲ್ಲ, ಐವತ್ತರ ಹೆಂಗಸು’ ಅಂದರೆ ಹೆಸರು, ಮನೆತನ, ಮಗಳನ್ನು ಕೊಟ್ಟ ಊರು ಎಲ್ಲ ಬರುತ್ತದೆ. ಕೇಸ್‌ಶೀಟಿನಲ್ಲಿ ಇರುವುದು ಹಾವೊಂದೇ ಅಲ್ಲ. ಬಸುರಿಯೋ, ಕುಡಿದಿದ್ದರೋ, ಎಚ್‌ಐವಿ ಪರೀಕ್ಷೆಯಲ್ಲಿ ಏನು ಬಂತು, ಎಲ್ಲ ಅದೇ ಹಾಳೆಯಲ್ಲಿ.

ಪಟ್ಟಿ ಕಡಿಯಲು ಕೂತೆ. 38 ಕಾಲಮ್ ಇದ್ದದ್ದು 17ಕ್ಕೆ ಇಳಿಯಿತು. ಇಡೀ ಬರಹದಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ನಿಮಗೆ ಬೇಕಾದ್ದು ಮೂಲ ಮಾಹಿತಿಯೋ, ಅದರಿಂದ ಬರುವ ಲೆಕ್ಕವೋ ಅಂತ ಪ್ರತಿ ಕಾಲಮ್ಮಿಗೂ ಕೇಳಿ ನೋಡಿ. ನನಗೆ ಊರಿನ ಹೆಸರು ಬೇಕಿರಲಿಲ್ಲ, ಊರಿಂದ ಆಸ್ಪತ್ರೆಗೆ ಎಷ್ಟು ದೂರ ಅನ್ನುವುದು ಬೇಕಿತ್ತು. ಗುರುತು ತೆಗೆಯುವ ಮುಂಚೆಯೇ ಅವರೇ ದೂರ ಲೆಕ್ಕ ಹಾಕಿ ‘10 ಕಿಲೋಮೀಟರಿನೊಳಗೆ’, ‘10ರಿಂದ 25’ ಅಂತ ಬರೆದರೆ ಸಾಕು. ದಾಖಲಾದ ದಿನದ ಬದಲು ವರ್ಷದ ಎಷ್ಟನೇ ವಾರ ಅನ್ನುವುದು ಸಾಕು, ಮಳೆಯ ಜೊತೆ ಹೋಲಿಸಲು ಅಷ್ಟೇ ಬೇಕು. ವಯಸ್ಸು ಐದೈದು ವರ್ಷದ ಗುಂಪಿನಲ್ಲಿ. ಕಚ್ಚಿದ ಗಂಟೆ, ಬಂದ ಗಂಟೆ ಎರಡೂ ಬೇಡ, ನಡುವಿನ ನಿಮಿಷ ಕೊಡಿ. ಈ ಬುದ್ಧಿ ಮೊದಲೇ ಇದ್ದಿದ್ದರೆ ಜನವರಿಯಲ್ಲೇ ಒಪ್ಪಿಗೆ ಸಿಗುತ್ತಿತ್ತೋ ಏನೋ. ಸಿಕ್ಕಿದ್ದು ಮಾರ್ಚಿನಲ್ಲಿ.

ಒಪ್ಪಿಗೆ ಸಿಕ್ಕಿತು ಅಂದರೆ ದತ್ತಾಂಶ ಸಿಕ್ಕಿತು ಅಂತಲ್ಲ. ಆಸ್ಪತ್ರೆಗೂ ವಿಶ್ವವಿದ್ಯಾಲಯಕ್ಕೂ ಒಪ್ಪಂದ ಆಗಬೇಕು. 500 ರೂಪಾಯಿಯ ಇ-ಸ್ಟಾಂಪು ಮಾಡಿಸಿದ್ದು ಒಂದು ಗಂಟೆಯ ಕೆಲಸ. ಅದಕ್ಕೆ ಎರಡೂ ಕಡೆಯ ಸಹಿ ಬೀಳಲು ಮೂರೂವರೆ ತಿಂಗಳು. ಮಾಹಿತಿ ಸೋರಿದರೆ ಹೊಣೆ ಯಾರದು ಅನ್ನುವ ಒಂದು ಸಾಲಿಗೆ ಫೈಲು ಐದು ಸಲ ಆ ಕಡೆ ಈ ಕಡೆ ಓಡಾಡಿತು. ಕೊನೆಗೆ ನಿಂತದ್ದು ಹೀಗೆ: ಗುರುತು ತೆಗೆಯುವವರೆಗೆ ಆಸ್ಪತ್ರೆಯದು, ಆಮೇಲೆ ನನ್ನದು, ನಾನು ತಪ್ಪಿದರೆ ನನ್ನ ಗೈಡಿನದೂ. ಗೈಡ್ ಸಹಿ ಹಾಕುವ ಮುಂಚೆ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು.

ಅಷ್ಟರಲ್ಲಿ ಸಹ ಸಂಶೋಧಕರಾಗಿದ್ದ ಪ್ರೊಫೆಸರಿಗೆ ವರ್ಗ ಆಯಿತು. ಹೊಸಬರ ಹೆಸರು ಸೇರಿಸಲು ಕಮಿಟಿಗೆ ತಿದ್ದುಪಡಿ ಅರ್ಜಿ, ಮತ್ತೊಂದು ತಿಂಗಳು. ಮೊದಲ ಅರ್ಜಿಯಲ್ಲೇ ಒಳಗಿನವರು ಇಬ್ಬರನ್ನು ಸೇರಿಸಿಕೊಳ್ಳಿ. ನನಗೆ ಯಾರೂ ಹೇಳಿರಲಿಲ್ಲ.

ಆಗಸ್ಟಿನಲ್ಲಿ ಮೊದಲ 20 ಕೇಸ್‌ಶೀಟು ಪ್ರಯೋಗಕ್ಕೆಂದು ತೆಗೆದರು. ಅಲ್ಲೊಂದು ಎಡವಟ್ಟು. ‘ಹೇಗೆ ಕಚ್ಚಿತು’ ಅನ್ನುವ ವಿವರಣೆಯ ಕಾಲಮ್ ಒಂದನ್ನು ಹಾಗೇ ಉಳಿಸಿಕೊಂಡಿದ್ದೆವು. ಅದರಲ್ಲಿ ಹೆಸರಿರುವುದಿಲ್ಲ ಅನ್ನುವ ನಂಬಿಕೆ. ಎರಡನೇ ಹಾಳೆಯಲ್ಲೇ ‘ಇಂಥವರ ತೋಟದಲ್ಲಿ ಕಾಯಿ ಆಯುವಾಗ, ಕರೆತಂದವರು ಮಾಜಿ ಅಧ್ಯಕ್ಷರು’ ಅಂತಿತ್ತು. ಹೆಸರಿನ ಕಾಲಮ್ ಅಳಿಸಿದರೂ ಊರಿಗೆ ಊರೇ ಈ ಕಾಲಮ್ಮಿನಲ್ಲಿ ಕೂತಿತ್ತು. ಗುಮಾಸ್ತರು ನಕ್ಕು ‘ಡಾಕ್ಟ್ರು ಕಥೆ ಬರೀತಾರೆ ಮೇಡಂ, ಫಾರಮ್ ತುಂಬಲ್ಲ’ ಅಂದರು. ಗದ್ದೆ, ತೋಟ, ಮನೆಯೊಳಗೆ, ರಸ್ತೆ, ಇತರೆ ಅಂತ ಐದು ಸಂಕೇತ ಮಾಡಿಕೊಟ್ಟೆ. ಅವರೇ ಓದಿ ಸಂಖ್ಯೆ ಹಾಕಿದರು. ಕಚ್ಚಿದ ಹಾವಿನ ಕಾಲಮ್ಮಿಗೂ ಹಾಗೇ: ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ, ಗೊತ್ತಿಲ್ಲ. ‘ಗೊತ್ತಿಲ್ಲ’ದ್ದೇ ಜಾಸ್ತಿ.

ಅಕ್ಟೋಬರಿನಲ್ಲಿ ಕೊನೆಗೂ ಒಳಗೆ ಬಿಟ್ಟರು. ದತ್ತಾಂಶವನ್ನು ಮನೆಗೆ ಕೊಡುವುದಿಲ್ಲ, ನಾವೇ ಅದರ ಹತ್ತಿರ ಹೋಗಬೇಕು. ರೆಕಾರ್ಡ್ ರೂಮಿನ ಪಕ್ಕದ ಸಣ್ಣ ಕೋಣೆ, ಒಂದು ಕಂಪ್ಯೂಟರು. ಇಂಟರ್ನೆಟ್ ಇಲ್ಲ, ಪೆನ್‌ಡ್ರೈವ್ ಚುಚ್ಚುವ ಜಾಗಕ್ಕೆ ಅರಗಿನ ಸೀಲು. ಫೋನು ಹೊರಗಿನ ಡ್ರಾಯರಿನಲ್ಲಿ. ಒಳಗೆ ಬಂದ ಹೊತ್ತು, ಹೋದ ಹೊತ್ತು ಬರೆಯುವ ಪುಸ್ತಕ. ಬಿಳಿ ಹಾಳೆ ಒಯ್ಯಬಹುದು, ಬರೆದ ಹಾಳೆ ತರುವಂತಿಲ್ಲ.

ಮೊದಲ ಮೂರು ವಾರ ಏನೂ ಆಗಲಿಲ್ಲ. ನನಗೆ ಬೇಕಾದ, ಅಂಕಿಅಂಶದ ಲೆಕ್ಕ ಮಾಡುವ ಆರ್ (R) ತಂತ್ರಾಂಶ ಅದರಲ್ಲಿತ್ತು, ಆದರೆ ಅದಕ್ಕೆ ಜೋಡಿಸಿಕೊಳ್ಳುವ ಪ್ಯಾಕೇಜುಗಳು (ಹೆಚ್ಚುವರಿ ಪ್ರೋಗ್ರಾಮುಗಳು) ಇರಲಿಲ್ಲ. ಇಂಟರ್ನೆಟ್ ಇಲ್ಲದ ಕಡೆ ಒಂದು ಪ್ಯಾಕೇಜ್ ಹಾಕಲು ಹೋದರೆ ಅದು ಇನ್ನೆರಡನ್ನು ಕೇಳುತ್ತದೆ, ಅವು ಮತ್ತೆ ನಾಲ್ಕನ್ನು. ಪ್ರತಿ ಸಲವೂ ಕಂಪ್ಯೂಟರ್ ವಿಭಾಗಕ್ಕೆ ಬರೆದುಕೊಟ್ಟು ಕಾಯುವುದು. ಇಡೀ ಪಟ್ಟಿಯನ್ನು, ಅವು ನೆಚ್ಚಿಕೊಂಡ ಎಲ್ಲದರ ಸಮೇತ, ಒಪ್ಪಂದದ ಹೊತ್ತಿಗೇ ಕೊಟ್ಟುಬಿಡಿ. ಇನ್ನೊಂದು: ಅದೇ 17 ಕಾಲಮ್ ಇರುವ, ಬಾಯಿಗೆ ಬಂದ ಅಂಕಿ ತುಂಬಿದ 50 ಸಾಲಿನ ಹುಸಿ ಫೈಲೊಂದನ್ನು ಮನೆಯಲ್ಲಿ ಮಾಡಿಕೊಂಡು ಪ್ರೋಗ್ರಾಮನ್ನೆಲ್ಲ ಅದರ ಮೇಲೇ ಬರೆದು ಸರಿಮಾಡಿಕೊಳ್ಳಿ. ನಾನು ಇದನ್ನು ಕಲಿತದ್ದು ನಾಲ್ಕನೇ ವಾರ. ಆಮೇಲೆ ಕೋಣೆಯೊಳಗೆ ಮೂರು ದಿನದ ಕೆಲಸ ಒಂದೇ ದಿನಕ್ಕೆ ಆಗುತ್ತಿತ್ತು.

ಫಲಿತಾಂಶವನ್ನೂ ಹಾಗೇ ಹೊರಗೆ ತರುವಂತಿಲ್ಲ. ಪ್ರತಿ ಕೋಷ್ಟಕವನ್ನೂ ಸಂಖ್ಯಾಶಾಸ್ತ್ರದ ಮೇಷ್ಟರು ನೋಡಿ ಬಿಡಬೇಕು. ಕೋಷ್ಟಕದ ಒಂದು ಚೌಕದಲ್ಲಿ ಐದಕ್ಕಿಂತ ಕಡಿಮೆ ಜನ ಇದ್ದರೆ ಆ ಸಂಖ್ಯೆ ತೋರಿಸುವಂತಿಲ್ಲ. ಗೊತ್ತಿತ್ತು, ಅಂಥಲ್ಲೆಲ್ಲ ನಕ್ಷತ್ರ ಹಾಕಿದ್ದೆ. ಆದರೂ ಮೊದಲ ಸಲ ಒಂಬತ್ತು ಕೋಷ್ಟಕದಲ್ಲಿ ನಾಲ್ಕು ವಾಪಸ್ ಬಂದವು. ಯಾಕೆಂದು ಹೊಳೆಯಲಿಲ್ಲ. ಮೇಷ್ಟರು ಪೆನ್ಸಿಲಿನಲ್ಲಿ ಒಂದು ಸಾಲಿಗೆ ಸುತ್ತು ಹಾಕಿದ್ದರು. ಒಂದು ತಾಲ್ಲೂಕು, ಒಟ್ಟು 41, ಗಂಡಸರು 38, ಹೆಂಗಸರ ಜಾಗದಲ್ಲಿ ನಕ್ಷತ್ರ. (ಈ ಅಂಕಿಗಳೂ ನಿಜವಾದವಲ್ಲ, ಬದಲಿಸಿದ್ದೇನೆ.) ಪಕ್ಕದಲ್ಲಿ ಬರೆದಿದ್ದರು: ‘ಕಳೆಯುವ ಲೆಕ್ಕ ಎರಡನೇ ಕ್ಲಾಸಿನದು.’ ಒಂದನ್ನು ಮುಚ್ಚಿದರೆ ಅದನ್ನು ತೋರಿಸಿಕೊಡುವ ಇನ್ನೊಂದನ್ನೂ ಮುಚ್ಚಬೇಕು, ಇಲ್ಲವೇ ತಾಲ್ಲೂಕುಗಳನ್ನೇ ಸೇರಿಸಬೇಕು. ಸೇರಿಸಿದೆ. ನನಗೆ ಇಷ್ಟವಾಗಿದ್ದ ಒಂದು ಹೋಲಿಕೆ ಅದರಲ್ಲಿ ಮುಳುಗಿತು. ಬೇಜಾರಾಯಿತು, ಈಗಲೂ ಇದೆ. ಆ ಅಧ್ಯಾಯ ತೆಳ್ಳಗಾಗಿದೆ ಅಂತ ಗೈಡ್ ಹೇಳಿದ್ದು ಸುಳ್ಳಲ್ಲ.

ಖರ್ಚು ಕೇಳುವವರಿಗೆ: ಕಮಿಟಿಯ ಶುಲ್ಕ 3,000, ಇ-ಸ್ಟಾಂಪು 500, ನೋಟರಿ 150, ಝೆರಾಕ್ಸು ಎರಡು ಸಲ ಸೇರಿ 1,900ರ ಹತ್ತಿರ, ಲಾಡ್ಜು ಆರು ರಾತ್ರಿಗೆ 4,200, ಊಟ ಆಟೊ 2,500. ಹನ್ನೆರಡು ಸಾವಿರ ದಾಟಿತು, ಕಳೆದ ಸಂಬಳ ಬೇರೆ. ಬಸ್ಸಿಗೆ ಸೊನ್ನೆ. ಶಕ್ತಿ ಯೋಜನೆ ಇಲ್ಲದಿದ್ದರೆ ಈ 23 ಸಲದ ಓಡಾಟ ನನ್ನ ಕೈಲಾಗುತ್ತಿರಲಿಲ್ಲ. ಪ್ರತಿ ಸಲವೂ ಕಂಡಕ್ಟರಿಗೆ ಆಧಾರ್ ತೋರಿಸಬೇಕಿತ್ತು, ಅದು ಬೇರೆ ಮಾತು.

ಬುಧವಾರ ಮುಚ್ಚಳಿಕೆಗೆ ಸಹಿ ಹಾಕಿದ ಮೇಲೆ ಗುಮಾಸ್ತರು ಪುಸ್ತಕದಲ್ಲಿ ‘4.20, ಮುಕ್ತಾಯ’ ಅಂತ ಬರೆದು, ಡ್ರಾಯರಿನಿಂದ ಫೋನು ತೆಗೆದುಕೊಟ್ಟರು. ಟೀ ಕುಡಿದು ಹೋಗಿ ಅಂದರು. ಕುಡಿದು ಬಂದೆ.

ನಿನ್ನೆ ಸಂತೆಗೆ ಹೋಗಿದ್ದೆ. ಮೊದಲ ದಿನ ರಿಜಿಸ್ಟರಿನ ಮೇಲಿನ ಸಾಲಿನಲ್ಲಿ ಓದಿದ ಹೆಸರಿನವರು ತರಕಾರಿ ಗುಡ್ಡೆಯ ಮುಂದೆ ಕೂತಿದ್ದರು. ಮುಖ ತುಂಬಿಕೊಂಡಿತ್ತು. ‘ಅಕ್ಕಾ, ಏನೋ ದೊಡ್ಡ ಓದು ಓದ್ತಿದ್ದೀಯಂತೆ, ಯಾತರ ಮೇಲೆ?’

‘ಹಾವು ಕಡಿತದ ಮೇಲೆ’ ಅಂದೆ.

‘ಅಯ್ಯಪ್ಪಾ’ ಅಂತ ನಕ್ಕು, ಬದನೆಕಾಯಿ ತೂಗಿಸಲು ಆ ಕಡೆ ತಿರುಗಿದರು.